ಬಂಬ ಸೋರಿದರೆ ತಾಂಬಟ ಆಳಿಗೆ

ಪುಣೆಯ ಹಳೆಯ ವಾಡೆಗಳಲ್ಲಿ ಬೆಳಗಿನ ಸ್ನಾನ ನಡೆಯುತ್ತಿದ್ದುದು ಬಂಬದ ದಯೆಯಿಂದ. ಬಚ್ಚಲಿನ ಮೂಲೆಯಲ್ಲಿ ನಿಂತ ದುಂಡನೆಯ ತಾಮ್ರದ ಪಾತ್ರೆ; ಅದರ ನಟ್ಟನಡುವೆ ಕೆಳಗಿನಿಂದ ಮೇಲಿನವರೆಗೆ ಹಾದುಹೋಗುವ ಕೊಳವೆ; ಅಡಿಯಲ್ಲಿ ಕಬ್ಬಿಣದ ಜಾಲರಿ, ಅದರ ಕೆಳಗೆ ಬೂದಿ ತಟ್ಟೆ; ಪಕ್ಕದಲ್ಲಿ ಹಿತ್ತಾಳೆಯ ನಲ್ಲಿ. ಕೊಳವೆಯೊಳಗೆ ಸೀಳು ಕಟ್ಟಿಗೆ, ಇದ್ದಿಲು, ತೆಂಗಿನ ಚಿಪ್ಪು ಉರಿಯುತ್ತಿದ್ದಂತೆ ಸುತ್ತಲಿನ ನೀರು ಕಾಯುತ್ತದೆ. ರಷ್ಯದವರ ಸಮೋವರ್ ಕೆಲಸ ಮಾಡುವುದೂ ಹೀಗೆಯೇ. ಬೆಳಗಾವಿ, ಧಾರವಾಡದ ಹಳೆಯ ಮನೆಗಳಿಗೂ ಬಂಬ ಅಪರಿಚಿತವಲ್ಲ. ಬೆಂಗಳೂರು, ಮೈಸೂರಿನ ಕಡೆ ಇದರದೇ ನೆಂಟ ತಾಮ್ರದ ಬಾಯ್ಲರ್ ಆಗಿ ಬಚ್ಚಲಲ್ಲಿ ನಿಂತಿತ್ತು.

ಆದರೆ ಗಿರಣಿಯ ಬಾಯ್ಲರಿಗೂ ಇದಕ್ಕೂ ಒಂದು ದೊಡ್ಡ ಅಂತರವಿದೆ. 1923ರ ಭಾರತೀಯ ಬಾಯ್ಲರ್ ಕಾಯಿದೆ ಹಿಡಿದದ್ದು ಒತ್ತಡದಲ್ಲಿ ಉಗಿ ಹುಟ್ಟಿಸುವ ಮುಚ್ಚಿದ ಪಾತ್ರೆಗಳನ್ನು. ಬಂಬದ ಬಾಯಿ ತೆರೆದೇ ಇರುತ್ತದೆ. ಉಗಿ ಹೆಚ್ಚಾದರೆ ತಾನಾಗಿ ಹೊರಬೀಳುತ್ತದೆ. ಹಾಗಾಗಿ ಅದನ್ನು ನೋಡಲು ಸರ್ಕಾರಿ ತಪಾಸಣಾಧಿಕಾರಿ ಬರಲಿಲ್ಲ. ಅದರ ರೋಗ ಹಿಡಿದು ಹೇಳುವವರು, ಮದ್ದು ಮಾಡುವವರು ಇಬ್ಬರೂ ಒಂದೇ ಓಣಿಯಲ್ಲಿದ್ದರು: ಕಸಬಾ ಪೇಟೆಯ ತಾಂಬಟ ಆಳಿ.

ತಾಂಬಟರೆಂದರೆ ತಾಮ್ರದ ಕೆಲಸದವರು, ನಮ್ಮ ಕಂಚಗಾರರ ಹಾಗೆ. ಕೊಂಕಣದಿಂದ ಬಂದು ಪೇಶ್ವೆಯರ ಆಶ್ರಯದಲ್ಲಿ ಪುಣೆಯಲ್ಲಿ ನೆಲೆಗೊಂಡವರು ಎಂಬುದು ಆ ಸಮುದಾಯದ ನೆನಪು. 1732ರಲ್ಲಿ ಶನಿವಾರ ವಾಡೆ ಎದ್ದು ನಿಂತ ಮೇಲೆ ಊರು ಬೆಳೆಯಿತು. ದರ್ಬಾರಿಗೆ, ಗುಡಿಗೆ, ಸೈನ್ಯದ ಅಡುಗೆಗೆ ತಾಮ್ರ ಬೇಕಾಯಿತು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದಾಗ ಆ ಬೇಡಿಕೆಯೂ ಕೈಬಿಟ್ಟಿತು. ಓಣಿ ಉಳಿದದ್ದು ಗೃಹಸ್ಥರ ಮನೆಗಳಿಂದ: ಹಂಡೆ, ಕೊಡ, ತಂಬಿಗೆ, ಪರಾತ, ಬಂಬ. 1885ರಲ್ಲಿ ಬಂದ ಬಾಂಬೆ ಗೆಜೆಟಿಯರಿನ ಪುಣೆ ಸಂಪುಟವೂ ಊರಿನ ಕಸಬುಗಳ ಪೈಕಿ ತಾಮ್ರ-ಹಿತ್ತಾಳೆ ಕೆಲಸವನ್ನು ವಿವರವಾಗಿ ದಾಖಲಿಸಿದೆ.

ಬಂಬದ ಆಕಾರಕ್ಕೂ ಊರಿನ ನೀರಿಗೂ ಸಂಬಂಧವಿತ್ತು. ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ, 1750ರ ಸುಮಾರಿಗೆ, ಕಾತ್ರಜದ ಕೆರೆಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ಊರಿನ ಹೌದುಗಳಿಗೆ, ಅಂದರೆ ನೀರಿನ ತೊಟ್ಟಿಗಳಿಗೆ, ಬಂತು. ಹೌದಿನಿಂದ, ಬಾವಿಯಿಂದ ಮುಂದೆ ಕೊಡದಲ್ಲಿ ಹೊರುವ ಕೆಲಸ. ಹೊತ್ತು ತಂದ ನೀರನ್ನು ಮೇಲಿನಿಂದ ಸುರಿಯಲು ತಕ್ಕ ಹಾಗೆ ಬಂಬಕ್ಕೆ ಆಲಿಕೆಯಂಥ ಬಾಯಿ ಇಟ್ಟರು. ಕೆಲವು ಬಂಬಗಳಲ್ಲಿ ಇನ್ನೂ ಸೊಗಸಾದ ಏರ್ಪಾಡಿತ್ತು. ಆಲಿಕೆಗೆ ಒಂದು ತಂಬಿಗೆ ತಣ್ಣೀರು ಹೊಯ್ದರೆ ಅದು ತಳಕ್ಕಿಳಿದು, ಮೇಲಿದ್ದ ಬಿಸಿನೀರನ್ನು ಅಷ್ಟೇ ಪ್ರಮಾಣದಲ್ಲಿ ಸೊಂಡಿಲಿನಿಂದ ಹೊರಗೆ ತಳ್ಳುತ್ತಿತ್ತು. ತಣ್ಣೀರು ಹಾಕದೆ ಬಿಸಿನೀರು ಸಿಗದು. ಆದ್ದರಿಂದ ಪಾತ್ರೆ ಎಂದೂ ಬರಿದಾಗದು. ತಳದಲ್ಲಿ ನಲ್ಲಿಯಿರುವ ಬಂಬಕ್ಕೆ ಈ ರಕ್ಷಣೆಯಿಲ್ಲ. ಕೊನೆಗೆ ಸ್ನಾನಕ್ಕೆ ಹೋದವರು ನೀರೆಲ್ಲ ಬಸಿದು, ಕೆಂಡವನ್ನು ಹಾಗೇ ಬಿಟ್ಟು ಬಂದರೆ ಮುಗಿಯಿತು. ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ತವರಕ್ಕೆ 232 ಸಾಕು. ನೀರಿರುವಷ್ಟು ಹೊತ್ತು ತಾಮ್ರದ ಶಾಖ ಕುದಿಯುವ ನೀರಿನದಕ್ಕಿಂತ ಬಹಳ ಮೇಲೇರದು. ನೀರು ಇಳಿದ ಕೂಡಲೇ ತವರದ ಬೆಸುಗೆ ಕರಗಿ ಸಂದು ಬಾಯಿ ಬಿಡುತ್ತದೆ.

ಬಂಬ ಸೋರುತ್ತಿದೆ ಎಂಬ ದೂರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಯಾವಾಗ ಸೋರುತ್ತದೆ? ತಣ್ಣೀರು ತುಂಬಿ ಬೆಂಕಿ ಹಚ್ಚಿದ ಮೊದಲ ಹತ್ತು ನಿಮಿಷ ಮಾತ್ರ ಬೂದಿ ತಟ್ಟೆಗೆ ಹನಿ ಬಿದ್ದು, ಆಮೇಲೆ ತಾನೇ ನಿಂತರೆ ಅದು ಸೋರಿಕೆಯೇ ಅಲ್ಲ. ಹಸಿ ಕಟ್ಟಿಗೆಯ ತೇವ, ಉರಿಯಿಂದ ಹುಟ್ಟಿದ ಆವಿ ತಣ್ಣನೆಯ ಕೊಳವೆಗೆ ತಾಗಿ ನೀರಾಗುತ್ತದೆ, ಅಷ್ಟೆ. ಕೊಳವೆ ಕಾದರೆ ಹನಿ ಮಾಯ. ಬೆಂಕಿಯಿಲ್ಲದೆ ಇಡೀ ರಾತ್ರಿ ತುಂಬಿಟ್ಟಾಗಲೂ ತಟ್ಟೆ ಒದ್ದೆಯಾದರೆ ಕೊಳವೆಯ ಅಡಿಯ ಸಂದು ಬಿಟ್ಟಿದೆ ಎಂದು ಲೆಕ್ಕ. ಹೊರಮೈ ಮಾತ್ರ ಒದ್ದೆಯಾದರೆ ಪಕ್ಕದ ಹೊಲಿಗೆಯನ್ನೋ ನಲ್ಲಿಯ ಬುಡವನ್ನೋ ನೋಡಬೇಕು. ನಲ್ಲಿಯದಾದರೆ ಮೇಣ ಹಚ್ಚಿದ ನೂಲು ಸುತ್ತಿ ಬಿಗಿದರೆ ಸಾಕು.

ಇನ್ನೊಂದು ದೂರು, ಕಟ್ಟಿಗೆ ಎಷ್ಟು ಹಾಕಿದರೂ ನೀರು ಕಾಯುವುದಿಲ್ಲ ಎಂಬುದು. ಕೊಳವೆಯ ಒಳಗೆ ಮಸಿ ಕಟ್ಟಿದ್ದರೆ ಹೊಗೆ ಹಿಂದಕ್ಕೆ ತಿರುಗಿ ಬಚ್ಚಲು ತುಂಬುತ್ತದೆ. ಕಣ್ಣುರಿಯಿಂದಲೇ ಕಾರಣ ತಿಳಿಯುತ್ತದೆ. ಹೊಗೆ ಸರಾಗವಾಗಿ ಹೋಗುತ್ತಿದ್ದೂ ನೀರು ಕಾಯದಿದ್ದರೆ ತಪ್ಪು ಕೊಳವೆಯ ಹೊರಮೈಯಲ್ಲಿ, ನೀರಿನ ಕಡೆಗಿದೆ. ಗಡಸು ಬಾವಿನೀರು ಕಾದಾಗಲೆಲ್ಲ ಅಲ್ಲಿ ಸುಣ್ಣದ ಪೊರೆ ಕೂರುತ್ತದೆ, ಮತ್ತು ಸುಣ್ಣ ತಾಮ್ರದ ನೂರರಲ್ಲಿ ಒಂದು ಪಾಲಿನಷ್ಟೂ ಶಾಖ ದಾಟಿಸದು. ಪೊರೆ ಬಿಡಿಸಲು ಹುಣಸೆಹುಳಿಯ ನೀರು ತುಂಬಿ ರಾತ್ರಿಯಿಡೀ ಬಿಡಬೇಕು. ನಮ್ಮಲ್ಲಿ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಸೆಹಣ್ಣಿನಿಂದ ಫಳಫಳ ಬೆಳಗುತ್ತಾರೆ. ಪುಣೆಯ ಮನೆಗಳಲ್ಲೂ ದೀಪಾವಳಿಯ ಅಭ್ಯಂಜನಕ್ಕೆ ಮುನ್ನ ಬಂಬ ಬೆಳಗುವುದು ಹಬ್ಬದ ಕೆಲಸವೇ ಆಗಿತ್ತು. ಹೊರಗಿನ ಹೊಳಪಿಗಾಗಿ ತಂದ ಹುಣಸೆ ಒಳಗೂ ಒಂದಿಷ್ಟು ಹೋದರೆ ಬಂಬದ ಆಯಸ್ಸು ಹೆಚ್ಚುತ್ತಿತ್ತು.

ಮನೆಮದ್ದಿಗೆ ಬಗ್ಗದ ಬಂಬ ಆಳಿಗೆ ಹೋಗಬೇಕು. ಅಲ್ಲಿನ ಕೆಲಸದ ಹದ ನೋಡುವಂಥದ್ದು. ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಸುತ್ತಿಗೆಯಿಂದ ಬಡಿದಷ್ಟೂ ಗಡಸಾಗುತ್ತದೆ. ತಗಡಿನ ಅಂಚಿಗೆ ಹಲ್ಲು ಕತ್ತರಿಸಿ, ಎದುರಿನ ಅಂಚನ್ನು ಹಲ್ಲುಗಳ ನಡುವೆ ಸೇರಿಸಿ, ಬಿಳಿಗಾರ ಹಾಗೂ ಹಿತ್ತಾಳೆಯ ಚೂರು ಹಾಕಿ ಬೆಂಕಿಯಲ್ಲಿ ಬೆಸೆಯುವುದು ಹಳೆಯ ಪದ್ಧತಿ. ಇಂಥ ಬೆಸುಗೆ ತವರದ ಬೆಸುಗೆಗಿಂತ ಬಹಳ ಹೆಚ್ಚು ಶಾಖ ತಡೆಯುತ್ತದೆ. ಕೊನೆಗೆ ಇಡೀ ಮೈಗೆ ಸಾಲುಸಾಲಾಗಿ ಸುತ್ತಿಗೆಯ ಪೆಟ್ಟು ಬೀಳುತ್ತದೆ. ಮಾಠಾರ್ ಕಾಮ ಎಂದು ಕರೆಯುವ ಈ ಪೆಟ್ಟಿನ ಗುಳಿಗಳು ಮಿಣಮಿಣ ಹೊಳೆಯುವುದರಿಂದ ಅಲಂಕಾರವೆಂದು ತೋರುತ್ತವೆ. ಅವು ಮೊದಲು ಬಲಕ್ಕಾಗಿ. ಕಾಯಿಸಿ ಮೆತ್ತಗಾದ ತಾಮ್ರ ಅದರಿಂದಲೇ ಮತ್ತೆ ಬಿಗಿಯಾಗುವುದು.

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ದಂಡೆಯ ಪೇಟೆಗಳಿಗೆ ನುಗ್ಗಿದಾಗ ಮಣ್ಣು, ಇಟ್ಟಿಗೆಯ ಎಷ್ಟೋ ಮನೆಗಳು ಬಿದ್ದವು. ಆಮೇಲಿನ ದಶಕಗಳಲ್ಲಿ ಉಳಿದ ವಾಡೆಗಳ ಜಾಗದಲ್ಲೂ ಅಪಾರ್ಟ್‌ಮೆಂಟುಗಳು ಬಂದವು. ಹೆಂಚಿನ ಸಂದಿಯಲ್ಲಿ ಹೊರಹೋಗುತ್ತಿದ್ದ ಹೊಗೆಗೆ ಕಾಂಕ್ರೀಟಿನ ಬಚ್ಚಲಲ್ಲಿ ದಾರಿಯಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸುವುದು ಪ್ರಾಣಕ್ಕೇ ಅಪಾಯ. ಗ್ಯಾಸ್ ಗೀಸರ್, ವಿದ್ಯುತ್ ಗೀಸರ್, ಮಾಳಿಗೆಯ ಸೌರಫಲಕ ಬಂದ ಮೇಲೆ ಬಂಬ ಗುಜರಿಯ ತಕ್ಕಡಿ ಏರಿತು. ಮನೆಯಲ್ಲಿ ಅಷ್ಟು ತಾಮ್ರ ಒಂದೇ ಕಡೆ ಬೇರೆಲ್ಲಿತ್ತು?

ತಾಂಬಟ ಆಳಿಗೆ ಈಚೆಗೆ ಬೇರೆ ಗಿರಾಕಿಗಳು ಸಿಕ್ಕಿದ್ದಾರೆ. ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಪುಣೆ ಘಟಕ ವಿನ್ಯಾಸಕಾರರನ್ನು ಜೊತೆ ಮಾಡಿ, ಮಾಠಾರ್ ಕೆಲಸದ ಬಟ್ಟಲು, ತಟ್ಟೆ, ದೀಪಗಳಿಗೆ ಮಾರುಕಟ್ಟೆ ಹುಡುಕಿಕೊಟ್ಟಿತು. ಇದರಿಂದ ಸುತ್ತಿಗೆ ಉಳಿದಿದೆ, ಅದು ದೊಡ್ಡ ಮಾತು. ಆದರೆ ಬಟ್ಟಲಿಗೆ ಹೊಲಿಗೆಯಿಲ್ಲ, ಕೊಳವೆಯಿಲ್ಲ, ಬೆಂಕಿ-ನೀರಿನ ನಡುವೆ ನಿಲ್ಲಬೇಕಾದ ಸಂದೂ ಇಲ್ಲ. ಸುಟ್ಟ ಕೊಳವೆಯನ್ನು ಬಿಚ್ಚಿ, ಹಳೆಯ ಮೈಗೆ ಹೊಸದನ್ನು ಕೂರಿಸಿ ಒಂದು ಹನಿಯೂ ಜಾರದಂತೆ ಬೆಸೆಯುವ ವಿದ್ಯೆ ಬಟ್ಟಲು ಬಡಿಯುವುದರಿಂದ ಬಾರದು. ಅದಕ್ಕೆ ರಿಪೇರಿಗೆ ಬರುವ ಬಂಬವೇ ಬೇಕು. ಅಟ್ಟದ ಮೇಲೆ ಬಂಬ ಇರುವವರು ಅದನ್ನು ತೂಕಕ್ಕೆ ಮಾರುವ ಮೊದಲು ನಲ್ಲಿ ಮುಚ್ಚಿ, ನೀರು ತುಂಬಿ ಒಂದು ರಾತ್ರಿ ಇಡಲಿ. ತಟ್ಟೆ ಒಣಗಿದ್ದರೆ ಹೊಗೆಗೆ ದಾರಿಯಿರುವ ಹಿತ್ತಲಲ್ಲಿ ಬೆಂಕಿ ಹಚ್ಚಬಹುದು. ಒದ್ದೆಯಾಗಿದ್ದರೆ ಕಸಬಾ ಪೇಟೆಗೆ ಒಯ್ಯಬಹುದು.