ಟೋರಿ: ಬೈಗುಳ ಪಕ್ಷದ ಹೆಸರಾದ ಬಗೆ

ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದವರನ್ನು ಕರೆಯುವ ‘ಟೋರಿ’ ಎಂಬ ಪದ ಮೂಲದಲ್ಲಿ ಐರಿಷ್ ಭಾಷೆಯದು. ಬೆನ್ನಟ್ಟು ಎಂಬರ್ಥದ ಧಾತುವಿನಿಂದ ಹುಟ್ಟಿದ ಈ ಮಾತು ದರೋಡೆಕೋರ ಎಂಬ ಅರ್ಥಕ್ಕೆ ತಿರುಗಿತು. 1649ರಲ್ಲಿ ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್ ಐರ್ಲೆಂಡಿಗೆ ದಂಡೆತ್ತಿ ಬಂದ ಮೇಲೆ ಕ್ಯಾಥೊಲಿಕ್ ಒಡೆಯರ ಜಮೀನು ಪರರ ಪಾಲಾಯಿತು. ನೆಲ ಕಳೆದುಕೊಂಡವರಲ್ಲಿ ಕೆಲವರು ಕಾಡು, ಜೌಗುಗಳಲ್ಲಿ ಅಡಗಿ ಹೊಸ ವಲಸಿಗರನ್ನು ದೋಚತೊಡಗಿದರು. ಆಳುವವರ ಬಾಯಲ್ಲಿ ಅವರೇ ಟೋರಿಗಳು. ಅವರ ತಲೆಗೆ ಸರ್ಕಾರ ಬೆಲೆ ಕಟ್ಟಿತ್ತು.

1679ರಿಂದ 1681ರ ನಡುವೆ, ರಾಜನ ತಮ್ಮ, ಕ್ಯಾಥೊಲಿಕ್ ಆದ ಜೇಮ್ಸ್‌ಗೆ ಇಂಗ್ಲೆಂಡಿನ ಪಟ್ಟ ತಪ್ಪಿಸುವ ಮಸೂದೆಯನ್ನು ವಿರೋಧಿಸಿದವರಿಗೆ ಎದುರಾಳಿಗಳು ಇದೇ ಹೆಸರು ಅಂಟಿಸಿದರು. ಬೈಸಿಕೊಂಡವರೂ ಸುಮ್ಮನಿರಲಿಲ್ಲ, ಸ್ಕಾಟ್ಲೆಂಡಿನ ಬಂಡಾಯಗಾರರ ‘ವಿಗ್’ ಎಂಬ ಹೆಸರನ್ನು ತಿರುಗಿಸಿ ಎಸೆದರು. ಎರಡು ಬೈಗುಳಗಳೂ ಪಕ್ಷಗಳ ಹೆಸರಾದವು. 1830ರ ದಶಕದಲ್ಲಿ ಕನ್ಸರ್ವೇಟಿವ್ ಎಂಬ ಗೌರವದ ಹೆಸರು ಬಂದರೂ ‘ಟೋರಿ’ ಇಂದಿಗೂ ಬಳಕೆಯಲ್ಲಿದೆ.