ತ್ರಿಕೋನದ ಮೂರನೆಯ ಮೂಲೆ

ದೂರದ ವಸ್ತುವಿನ ಹತ್ತಿರ ಹೋಗದೆಯೇ ಅದು ಎಷ್ಟು ದೂರವಿದೆ ಎಂದು ತಿಳಿಯುವುದು ಹೇಗೆ? ಪ್ರಶ್ನೆ ಹಳೆಯದು, ಉತ್ತರವೂ ಹಳೆಯದು. ತ್ರಿಕೋನದ ಒಂದು ಬದಿ ಮತ್ತು ಅದರ ಎರಡು ತುದಿಗಳ ಕೋನಗಳು ಗೊತ್ತಿದ್ದರೆ ಮೂರನೆಯ ಮೂಲೆ ಎಲ್ಲಿದೆ ಎಂದು ಲೆಕ್ಕ ಹಾಕಬಹುದು.

ಈ ಲೆಕ್ಕ ಬೆಂಗಳೂರಿಗೆ ಸರಪಳಿ ಹೊತ್ತು ಬಂದದ್ದು 1800ರಲ್ಲಿ. ಟಿಪ್ಪು ಮಡಿದು ಒಂದು ವರ್ಷ ಕಳೆದಿತ್ತಷ್ಟೆ. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಇಲ್ಲಿನ ಬಯಲಿನಲ್ಲಿ ಉಕ್ಕಿನ ಸರಪಳಿ ಹಾಸಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯೊಂದನ್ನು ಅಳೆದ. ಎರಡು ವರ್ಷಗಳ ನಂತರ ಮದರಾಸಿನಲ್ಲಿ ಅಳೆದ ಇನ್ನೊಂದು ರೇಖೆಯಿಂದ ಭಾರತದ ಮಹಾ ತ್ರಿಕೋನಮಿತಿ ಸರ್ವೇ ಬೆಳೆಯಿತು. ಗೆದ್ದ ನೆಲವನ್ನು ಆಳಲು ಮೊದಲು ಅಳೆಯಬೇಕಿತ್ತು.

ಅದೇ ತ್ರಿಕೋನ ಮುಂದೆ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಯಿತು. ಅದಕ್ಕೂ ದಾರಿ ಮಾಡಿಕೊಟ್ಟದ್ದು ಯುದ್ಧವೇ. 19ನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಬಾರ್ ಅಂಡ್ ಸ್ಟ್ರೌಡ್ ಕಂಪನಿ ಬ್ರಿಟಿಷ್ ನೌಕಾಪಡೆಯ ಫಿರಂಗಿಗಳಿಗಾಗಿ ರೇಂಜ್‌ಫೈಂಡರ್ ತಯಾರಿಸಿತು. ಉದ್ದನೆಯ ಕೊಳವೆಯ ಎರಡು ತುದಿಗಳಿಂದ ಬಂದ ಎರಡು ಬಿಂಬಗಳನ್ನು ಒಂದೇ ಕಣ್ಣಿನಲ್ಲಿ ಕೂಡಿಸಿದರೆ ಶತ್ರುಹಡಗಿನ ದೂರ ಸಿಗುತ್ತಿತ್ತು. 1916ರಲ್ಲಿ ಕೊಡಾಕ್ ಅದನ್ನು ತನ್ನ ಮಡಚುವ ರೋಲ್ ಫಿಲ್ಮ್ ಕ್ಯಾಮೆರಾವೊಂದರಲ್ಲಿ ಲೆನ್ಸಿನ ಚಲನೆಗೇ ಜೋಡಿಸಿತು. ದೂರ ಓದಿ, ಆಮೇಲೆ ಲೆನ್ಸ್ ತಿರುಗಿಸುವ ಎರಡು ಕೆಲಸಗಳು ಒಂದಾದವು.

ಮಡಚುವ ಕ್ಯಾಮೆರಾಕ್ಕೆ ಇದರ ಅಗತ್ಯ ಹೆಚ್ಚು. 6×9 ಸೆಂಟಿಮೀಟರಿನ ನೆಗೆಟಿವ್ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿಗಿಂತ ಸುಮಾರು ಐದು ಪಟ್ಟು ದೊಡ್ಡದು. ಅಷ್ಟು ದೊಡ್ಡ ಚಿತ್ರಕ್ಕೆ ಬೇಕಾದ ಉದ್ದ ಫೋಕಸ್ಸಿನ ಲೆನ್ಸಿನಲ್ಲಿ ಸ್ಪಷ್ಟವಾಗಿ ಕಾಣುವ ವಲಯ ತೆಳುವಾಗಿರುತ್ತದೆ. ಹತ್ತಿರದ ಮುಖವನ್ನು ತೆಗೆಯುವಾಗ ಒಂದು ಗೇಣು ಅಂದಾಜು ತಪ್ಪಿದರೂ ಕಣ್ಣು ಮಸುಕಾಗಿ ಕಿವಿ ಚೊಕ್ಕಟವಾಗಿ ಬಂದೀತು. ಆದರೆ ಜೇಬಿಗೆ ಹಿಡಿಸಬೇಕೆಂದು ಮಡಚುವ ಈ ಕ್ಯಾಮೆರಾದಲ್ಲಿ ಲೆನ್ಸ್ ತಿದಿಯ ತುದಿಯಲ್ಲಿ ಮುಂದಕ್ಕೆ ಚಾಚಿರುತ್ತದೆ. ರೇಂಜ್‌ಫೈಂಡರ್ ಇರುವುದು ಹಿಂದಿನ ಡಬ್ಬಿಯಲ್ಲಿ. ಪ್ರತಿ ಸಲ ತೆರೆದು ಮುಚ್ಚುವ ಈ ಎರಡರ ನಡುವೆ ಸಡಿಲಗೊಳ್ಳದ ಕೊಂಡಿ ಹಾಕುವುದು ಹೇಗೆ?

ಜರ್ಮನಿಯ ಜೈಸ್ ಇಕಾನ್ ಕಂಪನಿ 1934ರಲ್ಲಿ ತಂದ ಸೂಪರ್ ಇಕಾಂಟಾ ಇದಕ್ಕೆ ಕೊಟ್ಟ ಉತ್ತರ ಅಂದವಾದದ್ದು. ಲೆನ್ಸಿನ ಪಕ್ಕದ ಪುಟ್ಟ ತೋಳಿನಲ್ಲಿ ಎರಡು ದುಂಡನೆಯ ಗಾಜುಗಳು. ಎರಡೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಲೆನ್ಸ್ ತಿರುಗಿಸಿದರೆ ಹಲ್ಲುಚಕ್ರಗಳ ಮೂಲಕ ಅವು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗಿ, ಹಾದುಹೋಗುವ ಬೆಳಕನ್ನು ಕೊಂಚವೇ ಪಕ್ಕಕ್ಕೆ ಬಾಗಿಸುತ್ತವೆ. ಡಬ್ಬಿಯ ಕಿಂಡಿಯಲ್ಲಿ ಕಣ್ಣಿಟ್ಟವರಿಗೆ ಎರಡು ಬಿಂಬಗಳು ಸರಿದು ಒಂದಾಗುವುದು ಕಾಣುತ್ತದೆ. ಒಂದಾದ ಆ ಗಳಿಗೆಯಲ್ಲಿ ಫೋಕಸ್ಸೂ ಕೂಡಿರುತ್ತದೆ. ಮುಂದಿನ ತೋಳಿಗೂ ಹಿಂದಿನ ಡಬ್ಬಿಗೂ ನಡುವೆ ಕಂಬಿ, ಸನ್ನೆ ಏನೂ ಇಲ್ಲ. ಕೊಂಡಿಯಾಗಿ ದುಡಿಯುವುದು ಬೆಳಕು.

ಎರಡನೆಯ ಮಹಾಯುದ್ಧದ ನಂತರ ಈ ವಿನ್ಯಾಸ ಸೋವಿಯತ್ ಒಕ್ಕೂಟಕ್ಕೆ ಹೋಗಿ 'ಮಾಸ್ಕ್ವಾ' ಎಂಬ ಹೆಸರು ಪಡೆಯಿತು. ನಮ್ಮಲ್ಲಿ ಇಂಥ ಕ್ಯಾಮೆರಾ ತಯಾರಾಗಲಿಲ್ಲ. ಅದಕ್ಕೆ ಹಾಕುವ ಕಪ್ಪು-ಬಿಳುಪು ಫಿಲ್ಮ್ ಮಾತ್ರ ಮೈಸೂರಿನ ಗಡಿಯಾಚೆಯ ಊಟಿಯಲ್ಲಿ, ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ, 'ಇಂದು' ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು.

ಆದರೂ ಗಾಜು ಮತ್ತು ಬೆಳಕಿನಿಂದ ದೂರವನ್ನು ಅಳೆಯುವ ವಿದ್ಯೆ ಬೆಂಗಳೂರಿಗೆ ಮರಳಿತು. ಈ ಬಾರಿ ಬಂದದ್ದು ಪೀಣ್ಯಕ್ಕೆ. 1972ರಿಂದ ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ತಂಡ ಆರ್ಯಭಟ ಉಪಗ್ರಹವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಅದು ಕಕ್ಷೆ ಸೇರಿತು. 1993ರಲ್ಲಿ ಅದೇ ಜಾಗದಲ್ಲಿ ಇಸ್ರೋದ ದ್ಯುತಿ ಉಪಕರಣಗಳ ಪ್ರಯೋಗಾಲಯ, ಲಿಯೋಸ್, ಆರಂಭವಾಯಿತು. ನಕ್ಷತ್ರಗಳನ್ನು ನೋಡಿ ಉಪಗ್ರಹ ತನ್ನ ಮುಖ ಯಾವ ಕಡೆಗಿದೆ ಎಂದು ಅರಿಯುವ ಸೆನ್ಸರುಗಳು ಅಲ್ಲಿ ತಯಾರಾಗುತ್ತವೆ. 2008ರ ಚಂದ್ರಯಾನ-1ರಲ್ಲಿ ಹೋದ ಲೇಸರ್ ರೇಂಜಿಂಗ್ ಉಪಕರಣವೂ ಅಲ್ಲಿಯದೇ. 100 ಕಿಲೋಮೀಟರ್ ಎತ್ತರದಿಂದ ಚಂದ್ರನ ನೆಲಕ್ಕೆ ಲೇಸರ್ ಬಿಟ್ಟು, ಅದು ಮರಳಿ ಬರಲು ಹಿಡಿದ ಸಮಯದಿಂದ ಅದು ದೂರವನ್ನು ಅಳೆಯಿತು. ಹೋಗಿಬರಲು ಬೆಳಕಿಗೆ ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಕಾಗಲಿಲ್ಲ.

ಇಲ್ಲಿ ತ್ರಿಕೋನ ಹೋಗಿ ಗಡಿಯಾರ ಬಂತು. ಕಣ್ಣೂ ಹೋಯಿತು. ಸರಪಳಿ ಹಿಡಿದ ಲ್ಯಾಂಬ್ಟನ್‌ಗೆ, ಹಡಗಿನ ಮೇಲಿನ ಗುರಿಕಾರನಿಗೆ, ಮಡಚುವ ಕ್ಯಾಮೆರಾ ಹಿಡಿದವರಿಗೆ 'ಈಗ ಸರಿಹೋಯಿತು' ಎಂದು ತೀರ್ಮಾನಿಸುವ ಹೊಣೆ ಇತ್ತು. ಆ ಮೂವರಲ್ಲಿ ಕ್ಯಾಮೆರಾದವರ ಅಳತೆಯೊಂದೇ ನೆಲವನ್ನೂ ಕೇಳಲಿಲ್ಲ, ಗುಂಡನ್ನೂ ಹಾರಿಸಲಿಲ್ಲ. ಎದುರಿಗೆ ನಿಂತವರ ಎರಡು ಮುಖಗಳು ಒಂದಾಗುವವರೆಗೆ ಕಾದು, ಆಮೇಲೆ ಗುಂಡಿ ಒತ್ತಿತು.

ಪೀಣ್ಯವೆಂದರೆ ಲಾರಿ, ಹೊಗೆ ಮತ್ತು ಮೇಲ್ಸೇತುವೆ ಎಂದುಕೊಂಡೇ ನಾವು ತುಮಕೂರು ರಸ್ತೆ ದಾಟುತ್ತೇವೆ. ಬೆಂಗಳೂರಿನ ಆಧುನಿಕ ಚರಿತ್ರೆಯನ್ನು ಸಾಫ್ಟ್‌ವೇರಿನಿಂದ ಶುರುಮಾಡುವ ರೂಢಿಯೂ ಬಂದಿದೆ. ಹಾಗೆ ಬರೆದ ಚರಿತ್ರೆಯಲ್ಲಿ ಬಯಲಿನಲ್ಲಿ ಹಾಸಿದ ಸರಪಳಿಗೆ, ಶೆಡ್ಡಿನಲ್ಲಿ ಕೂತು ಗಾಜು ಉಜ್ಜಿದ ಕೈಗಳಿಗೆ ಜಾಗವಿರುವುದಿಲ್ಲ. ಈ ಊರು ಲೆಕ್ಕ ಬರೆಯುವ ಮುಂಚೆ ಅಳತೆ ಕಲಿತಿತ್ತು.