ಕಾಮನಬಿಲ್ಲಿನ ಕೆಳಗಿನ ಊರು

ಇವತ್ತಿನ ಎಪಿಸೋಡ್ ಕೇಳೋ ಮೊದಲು ಫೋನಲ್ಲಿ ಒಂದು ಚಿತ್ರ ಹುಡುಕಿ ಇಟ್ಕೊಳ್ಳಿ: ಜಾನ್ ಕಾನ್‌ಸ್ಟೆಬಲ್ ಬರೆದ ‘ಸಾಲ್ಸ್‌ಬರಿ ಕೆಥೆಡ್ರಲ್ ಫ್ರಮ್ ದ ಮೆಡೋಸ್’.

ಸಿಕ್ತಾ? ದಕ್ಷಿಣ ಇಂಗ್ಲೆಂಡಿನ ಹಳ್ಳಿಗಾಡು. ಮಳೆ ಹೊಳವಾಗ್ತಿದೆ. ಗಾಡಿ ಕಟ್ಟಿರೋ ಮೂರು ಕುದುರೆ ನೀರಲ್ಲಿ ಹೋಗ್ತಿವೆ, ದಡದಲ್ಲೊಂದು ನಾಯಿ ನೋಡ್ತಾ ನಿಂತಿದೆ. ಹಿಂದೆ 123 ಮೀಟರ್ ಎತ್ತರದ ಚರ್ಚ್ ಗೋಪುರ, ಅದರ ಸುತ್ತ ಕಪ್ಪು ಮೋಡ. ಮೇಲೆ ಕಾಮನಬಿಲ್ಲು.

ಇದನ್ನ ರೊಮ್ಯಾಂಟಿಕ್ ಚಿತ್ರ ಅಂತಾರೆ. ಇಲ್ಲಿ ರೊಮ್ಯಾಂಟಿಕ್ ಅಂದ್ರೆ ಪ್ರೇಮಕಥೆ ಅಲ್ಲ, ಮನಸ್ಸಿನ ಭಾವನೆಯನ್ನ ಪ್ರಕೃತಿಯಲ್ಲಿ ಕಾಣೋದು. ಹಾಗಂತ ಕಾನ್‌ಸ್ಟೆಬಲ್ ಮೋಡಗಳನ್ನ ಊಹೆಯಿಂದ ಬರೆದವನಲ್ಲ. ಅವನು ಹಿಟ್ಟಿನ ಗಿರಣಿ ಮಾಲೀಕನ ಮಗ. ಗಾಳಿ ಮಳೆ ನೋಡ್ಕೊಂಡೇ ಬೆಳೆದವನು. 1821-22ರಲ್ಲಿ ಲಂಡನ್ ಪಕ್ಕದ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೀ ಆಕಾಶದ ಚಿತ್ರಗಳನ್ನೇ ಸಾಲು ಸಾಲಾಗಿ ಬರೆದ. ಎಷ್ಟೋ ಚಿತ್ರಗಳ ಹಿಂಬದಿಯಲ್ಲಿ ತಾರೀಖು, ಗಂಟೆ, ಗಾಳಿಯ ದಿಕ್ಕು ಗುರುತು ಹಾಕಿಟ್ಟಿದ್ದಾನೆ.

1828ರ ನವೆಂಬರ್‌ನಲ್ಲಿ ಅವನ ಹೆಂಡತಿ ಮರಿಯಾ ಕ್ಷಯರೋಗದಿಂದ ತೀರಿಕೊಂಡಳು. ಏಳು ಮಕ್ಕಳು. ಸಾಲ್ಸ್‌ಬರಿಯಲ್ಲಿದ್ದ ಗೆಳೆಯ, ಪಾದ್ರಿ ಜಾನ್ ಫಿಶರ್, ಅವನನ್ನ ಮತ್ತೆ ಚಿತ್ರದ ಕಡೆ ಎಳೆದ. ಈಗ ಮತ್ತೊಮ್ಮೆ ಚಿತ್ರ ನೋಡಿ: ಕಾಮನಬಿಲ್ಲು ಇಳಿಯೋ ಜಾಗದಲ್ಲೇ ಆ ಗೆಳೆಯನ ಮನೆ ಇದೆ.

ಇಲ್ಲಿಗೇ ಮುಗಿಸಿದ್ರೆ ಚೆಂದದ ಕಥೆ. ಆದ್ರೆ ಆ ವರ್ಷಗಳಲ್ಲಿ ಅದೇ ಹಳ್ಳಿಗಾಡಿನಲ್ಲಿ ಏನಾಗ್ತಿತ್ತು?

1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೃಷಿ ಕೂಲಿಗಳು ಬೀದಿಗಿಳಿದ್ರು. ಚಳಿಗಾಲದಲ್ಲಿ ಅವರ ಹೊಟ್ಟೆ ತುಂಬಿಸ್ತಿದ್ದದ್ದು ಒಕ್ಕಣೆ ಕೆಲಸ. ಯಂತ್ರ ಬಂದು ಅದನ್ನೂ ಕಿತ್ಕೊಂಡ್ತು. ಅವರು ಯಂತ್ರಗಳನ್ನ ಒಡೆದರು, ಬಣವೆಗಳಿಗೆ ಬೆಂಕಿ ಇಟ್ಟರು. ಚರ್ಚಿಗೆ ಬೆಳೆಯ ಹತ್ತನೇ ಒಂದು ಪಾಲು ಹೋಗ್ತಿತ್ತಲ್ಲ, ಆ ಸಿಟ್ಟೂ ಅದರಲ್ಲಿತ್ತು. ಇತಿಹಾಸದಲ್ಲಿ ಇದಕ್ಕೆ ‘ಸ್ವಿಂಗ್ ದಂಗೆ’ ಅಂತ ಹೆಸರು. ಒಟ್ಟು 19 ಜನರಿಗೆ ಗಲ್ಲು. ಸುಮಾರು 500 ಜನರನ್ನ ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡಿಪಾರು ಮಾಡಿದ್ರು. ಆ ಭಾಗದ ವಿಚಾರಣೆ ನಡೆದದ್ದು ಎಲ್ಲಿ ಗೊತ್ತಾ? ಇದೇ ಸಾಲ್ಸ್‌ಬರಿಯಲ್ಲಿ, 1831ರ ಜನವರಿಯಲ್ಲಿ. ಕೆಲವೇ ತಿಂಗಳಲ್ಲಿ ಈ ಚಿತ್ರ ಲಂಡನ್ನಿನ ರಾಯಲ್ ಅಕಾಡೆಮಿಯ ಗೋಡೆ ಮೇಲಿತ್ತು.

ಚಿತ್ರದಲ್ಲಿ ದಂಗೆ ಇಲ್ಲ, ಕೋರ್ಟೂ ಇಲ್ಲ. ಕಾನ್‌ಸ್ಟೆಬಲ್ ರಾಜಕೀಯ ಸುಧಾರಣೆಗೆ ವಿರೋಧಿಯಾಗಿದ್ದ. ಚರ್ಚ್ ಗಟ್ಟಿಯಾಗಿ ನಿಲ್ಲಬೇಕು ಅಂತ ನಂಬಿದ್ದವನು. ಅವನ ಕಣ್ಣಲ್ಲಿ ಗುಡುಗು ಬಡಿದರೂ ಅಲುಗಾಡದ್ದು ಆ ಗೋಪುರ. ಗಾಡಿ ಹೊಡೆಯೋ ಕೂಲಿಗೆ ಅದೇ ಗೋಪುರ ಬೇರೆ ಥರ ಕಂಡಿರಬಹುದು.

2013ರಲ್ಲಿ ಬ್ರಿಟನ್ನಿನ ಟೇಟ್ ಸಂಗ್ರಹಾಲಯ ಇದನ್ನ 2.31 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಹೆಂಡತಿಯನ್ನ ಕಳ್ಕೊಂಡವನ ದುಃಖ ನಿಜ, ಅದಕ್ಕೇ ಆ ಮೋಡ ಇವತ್ತಿಗೂ ನಮ್ಮನ್ನ ತಟ್ಟುತ್ತೆ. ಕೆಲಸ ಕಳ್ಕೊಂಡವರ ದುಃಖವೂ ಅಷ್ಟೇ ನಿಜ, ಅದು ಮಾತ್ರ ಚೌಕಟ್ಟಿನ ಒಳಗೆ ಬರಲಿಲ್ಲ. ಹಳ್ಳಿಯ ಮಳೆ ಚಿತ್ರ ನೋಡಿ ‘ಎಷ್ಟು ಪ್ರಶಾಂತ’ ಅನ್ನಿಸಿದಾಗ ಒಂದು ಪ್ರಶ್ನೆ ಕೇಳ್ಕೊಳ್ಳಿ: ಪ್ರಶಾಂತ, ಯಾರಿಗೆ?

ಮುಂದಿನ ವಾರ ಸಿಗೋಣ.